ಗೇಣುದ್ದದ ಪಟ್ಟ

ಆ ಊರಿಗೆ ಹೆಸರಿರಲಿಲ್ಲ. ಜಗತ್ತಿನಲ್ಲಿ ಇನ್ನೊಂದು ಊರು ಇರಬಹುದೆಂಬ ಅನುಮಾನವೇ ಅಲ್ಲಿಯವರಿಗೆ ಬಾರದ್ದರಿಂದ ಹೆಸರಿನ ಜರೂರು ಬಿದ್ದಿರಲಿಲ್ಲ. ಊರ ಮುಂದಿನ ಹೊಳೆಗೂ ಹೆಸರಿರಲಿಲ್ಲ. ಊರು ಅಂದರೆ ಊರು, ಹೊಳೆ ಅಂದರೆ ಹೊಳೆ.

ಆ ಊರಿನಲ್ಲಿ ಒಂದು ಕಟ್ಟಳೆ ನಡೆದುಕೊಂಡು ಬಂದಿತ್ತು. ಎಲ್ಲರಿಗಿಂತ ಉದ್ದದ ಮೀನು ಹಿಡಿದವರಿಗೆ ಪಟ್ಟ. ಅದಕ್ಕಿಂತ ಉದ್ದದ ಮೀನನ್ನು ಇನ್ನೊಬ್ಬರು ತರುವ ತನಕ ಅವರು ಹೇಳಿದ್ದೇ ನ್ಯಾಯ, ಅವರು ಕೆಮ್ಮಿದ್ದೇ ಅಪ್ಪಣೆ. ಮೆಟ್ಟಿಲ ಸಾಲಿನ ತುದಿಯಲ್ಲಿ ಒಂದು ಎತ್ತರದ ಕಟ್ಟೆ, ಕಟ್ಟೆಯ ಮೇಲೊಂದು ಪೀಠ. ಅಲ್ಲಿ ಕೂತರೆ ಹೊಳೆ ಪೂರ್ತಿ ಕಾಣುತ್ತಿತ್ತು. ಆದರೆ ಪಟ್ಟಕ್ಕೆ ಕೂತವರು ಹೊಳೆಯ ನೀರನ್ನು ಕೈಯಿಂದಾಗಲಿ ಕಾಲಿಂದಾಗಲಿ ಮುಟ್ಟುವ ಹಾಗಿರಲಿಲ್ಲ. ಮುಟ್ಟಿದರೆ ಮೀನುಗಳೆಲ್ಲ ಹೊಳೆ ಬಿಟ್ಟು ಹೋಗುತ್ತವೆ ಎಂದು ಹಿರಿಯರು ಹೇಳಿದ್ದರು. ಯಾರೂ ಮುಟ್ಟಿ ನೋಡಿರಲಿಲ್ಲ, ಆದ್ದರಿಂದ ಆ ಮಾತು ಸುಳ್ಳಾಗಿಯೂ ಇರಲಿಲ್ಲ.

ಊರಿನಲ್ಲಿದ್ದ ನೀರೆಲ್ಲ ಹೊಳೆಯದೇ. ಹೀಗಾಗಿ ಪಟ್ಟದವರಿಗೆ ಬಾಯಾರಿದರೆ ಬೇರೆಯವರು ಚೊಂಬು ಎತ್ತಿ ಬಾಯಿಗೆ ಹೊಯ್ಯಬೇಕು. ಸ್ನಾನದ ಬದಲು ಮೈಗೆ ಕಡಲೆಹಿಟ್ಟು ಉಜ್ಜಿ ಒಣಬಟ್ಟೆಯಲ್ಲಿ ಒರೆಸುತ್ತಿದ್ದರು. ಪಟ್ಟದವರ ಹತ್ತಿರ ನಿಂತರೆ ಹಸಿ ಬೋಂಡದ ವಾಸನೆ ಬರುತ್ತಿತ್ತು. ಊರವರು ಅದನ್ನೇ ರಾಜಕಳೆ ಎಂದು ತಿಳಿದಿದ್ದರು.

ಪಟ್ಟದವರ ಸೇವೆಗೆ ಮೂವರಿದ್ದರು: ಹಗ್ಗದವನು, ಶಂಖದವನು, ಛತ್ರಿಯವನು. ಯಾರಾದರೂ ಮೀನು ತಂದರೆ ಹಗ್ಗದವನು ಹಗ್ಗ ಹಾಸುವನು, ಪಟ್ಟದವರು ನೋಡಿ ಉದ್ದವೋ ಗಿಡ್ಡವೋ ಹೇಳುವರು, ಶಂಖದವನು ಶಂಖ ಊದುವನು, ಛತ್ರಿಯವನು ಛತ್ರಿ ಎತ್ತುವನು. ಹಗ್ಗಕ್ಕೆ ಬಾಯಿಲ್ಲದ್ದರಿಂದ ಪಟ್ಟದವರ ಬಾಯೇ ಹಗ್ಗದ ಬಾಯಿ. ಅವರು ಹೇಳಿದ್ದೇ ಅಳತೆ.

ಊರಿನಿಂದ ಸ್ವಲ್ಪ ಮೇಲೆ, ಹೊಳೆ ತಿರುಗುವ ಕಡೆ, ಪುಟ್ಟೀರಿ ಎಂಬ ಹೆಂಗಸಿನ ಮನೆಯಿತ್ತು. ಗಂಡ ಚೆಲುವಯ್ಯ ಜಂಬು ಹುಲ್ಲಿನ ಚಾಪೆ ಹೆಣೆಯುತ್ತಿದ್ದ. ಪುಟ್ಟೀರಿಗೆ ಗಾಳವೇ ಲೋಕ. ಹೊತ್ತು ಮೂಡುವ ಮುಂಚೆ ಹರಿಗೋಲಿನಲ್ಲಿ ಕೂತುಬಿಟ್ಟಳೆಂದರೆ ಕಣ್ಣು ನೀರಿನ ಮೇಲಿನ ಬೆಂಡಿಗೆ ಅಂಟಿಕೊಳ್ಳುತ್ತಿತ್ತು. ಬೆಂಡು ಒಂದು ಚೂರು ನಡುಗಿದರೆ ಅವಳ ಎದೆಯೂ ಒಂದು ಚೂರು ನಡುಗುತ್ತಿತ್ತು. ಇಬ್ಬರಿಗೆ ಸಾಕಾಗುವಷ್ಟು ಸಿಕ್ಕಿದ ಮೇಲೆ ಉಳಿದದ್ದನ್ನು ನೀರಿಗೇ ಬಿಡುತ್ತಿದ್ದಳು. ತಿನ್ನುವುದು ಅವಳಿಗೆ ನೆಪ. ಹಿಡಿಯುವುದೇ ಮುಖ್ಯ.

ಅವಳಲ್ಲಿ ಇನ್ನೊಂದು ವಿಚಿತ್ರವಿತ್ತು. ಮೀನಿನ ಉದ್ದದ ಬಗ್ಗೆ ಅವಳು ಸುಳ್ಳು ಹೇಳುತ್ತಿರಲಿಲ್ಲ. ಗಾಳ ಹಿಡಿದವರು ಉದ್ದದ ವಿಷಯದಲ್ಲಿ ಸುಳ್ಳು ಹೇಳದಿದ್ದರೆ ಹೊಟ್ಟೆಯುಬ್ಬಿ ಸಾಯುತ್ತಾರೆ ಎಂದು ಊರು ನಂಬಿತ್ತು. ಕೆಂಚಪ್ಪ ಎಂಬೊಬ್ಬನಂತೂ ಜೀವಮಾನದಲ್ಲಿ ಒಂದು ಮೀನು ಹಿಡಿಯದೆಯೇ ಎರಡೂ ಕೈ ಅಗಲಿಸಿ, ಹಿಡಿದ ಕಥೆ ಹೇಳಿಕೊಂಡು ತಿರುಗುತ್ತಿದ್ದ. ಪುಟ್ಟೀರಿ ಮಾತ್ರ ತಪ್ಪಿಸಿಕೊಂಡು ಹೋದ ಮೀನಿಗೂ ಒಂದು ಬೆರಳು ಹೆಚ್ಚು ಸೇರಿಸಿದವಳಲ್ಲ.

ಒಂದು ಬೆಳಿಗ್ಗೆ ಅವಳ ಬೆಂಡು ನಡುಗಲಿಲ್ಲ. ಸೀದಾ ಮುಳುಗಿತು. ದಾರ ಬಿಗಿಯಿತು, ಹರಿಗೋಲು ಗಿರ್ರನೆ ತಿರುಗಿತು. ನೀರೊಳಗಿದ್ದದ್ದು ಅವಳನ್ನು ಹರಿಗೋಲಿನ ಸಮೇತ ಎಳೆದುಕೊಂಡು ಹೊರಟಿತು. ತಿರುವು ದಾಟಿತು, ಹುಣಸೆ ತೋಪು ದಾಟಿತು, ಊರ ಮುಂದಿನ ಮೆಟ್ಟಿಲ ಹತ್ತಿರವೇ ಬಂದು ನಿಂತಿತು. ಮೆಟ್ಟಿಲ ಮೇಲೆ ಅರ್ಧ ಊರು ಬಟ್ಟೆ ಒಗೆಯುತ್ತಿತ್ತು, ಇನ್ನರ್ಧ ಊರು ಒಗೆಯುವವರನ್ನು ನೋಡುತ್ತಿತ್ತು.

ಮೀನು ಮೇಲೆದ್ದಿತು. ಬಾಳೆಮೀನು. ಬೆಳ್ಳಗೆ, ಆಳುದ್ದ, ಮೀಸೆ ಬಿಟ್ಟುಕೊಂಡು, ಯಾರ ಮನೆಯದೋ ಹಿರಿಯ ಯಜಮಾನನ ಹಾಗೆ.

"ದಾರ ಕುಯ್ದುಬಿಡೇ ಪುಟ್ಟೀರಿ!" ಎಂದು ಕೂಗಿದವಳು ಊರೊಳಗಿನ ಗೆಳತಿ ಸಾಕವ್ವ, ಒಗೆಯುವ ಸೀರೆಯನ್ನು ಕೈಯಲ್ಲೇ ಹಿಡಿದುಕೊಂಡು. "ಪಟ್ಟ ಗಿಟ್ಟ ಬೇಡದ ಉಸಾಬರಿ ಕಣೇ!"

ಕಟ್ಟೆಯ ಮೇಲೆ ಆಗ ಪಟ್ಟಕ್ಕಿದ್ದವರು ಗಿರಿಯಜ್ಜ. ವರ್ಷಗಟ್ಟಲೆ ದನಿ ಏರಿಸದ ಮನುಷ್ಯ. ಅವರು ಪೀಠದಿಂದ ಎದ್ದೇ ನಿಂತರು. "ಬಿಡಬೇಡ ತಾಯಿ! ಕೈ ಮುಗೀತೀನಿ, ಬಿಡಬೇಡ!"

ಪುಟ್ಟೀರಿಯ ಸೊಂಟದಲ್ಲಿ ಚೂರಿಯಿತ್ತು. ಕಟ್ಟಳೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಾರ ಕುಯ್ದರೆ ನಾಳೆ ಬೆಳಿಗ್ಗೆ ಮತ್ತೆ ಹರಿಗೋಲು, ಮತ್ತೆ ಬೆಂಡು. ಎಳೆದರೆ ಕಟ್ಟೆ, ಕಡಲೆಹಿಟ್ಟು. ಆದರೂ ಕೈ ಚೂರಿಯ ಕಡೆ ಹೋಗಲಿಲ್ಲ. ಇಷ್ಟು ವರ್ಷ ಕಾದದ್ದು ಇದಕ್ಕೇ ಎಂದು ತೋಳು ತಾನಾಗಿ ತಿಳಿದುಕೊಂಡುಬಿಟ್ಟಿತ್ತು. ಹಲ್ಲು ಕಚ್ಚಿ ಎಳೆದಳು. ಮೀನು ಮೆಟ್ಟಿಲ ಮೇಲೆ ಬಂದು ಬಿತ್ತು.

ಹಗ್ಗದವನು ಹಗ್ಗ ಬಿಚ್ಚುವ ಮೊದಲೇ ಗಿರಿಯಜ್ಜ "ಉದ್ದ!" ಎಂದರು. ಶಂಖದವನು ಶಂಖ ಎತ್ತುವ ಮೊದಲೇ ಪೇಟ ಕಿತ್ತು ಎಸೆದರು. ಛತ್ರಿಯವನು ಛತ್ರಿಯನ್ನು ಯಾರ ತಲೆಯ ಮೇಲೆ ಹಿಡಿಯಬೇಕೆಂದು ಯೋಚಿಸುವಷ್ಟರಲ್ಲಿ ಮೆಟ್ಟಿಲಿಳಿದು ಓಡಿ, ಉಟ್ಟ ಪಂಚೆಯಲ್ಲೇ ಹೊಳೆಗೆ ಹಾರಿದರು. ಬಹಳ ಹೊತ್ತು ಮೇಲೇಳಲಿಲ್ಲ. ಎದ್ದಾಗ ಮುಖದ ಮೇಲಿದ್ದದ್ದು ಹೊಳೆಯ ನೀರೋ ಕಣ್ಣಿನದೋ ಯಾರಿಗೂ ಗೊತ್ತಾಗಲಿಲ್ಲ.

ಹೀಗೆ ಪುಟ್ಟೀರಿ ಪಟ್ಟಕ್ಕೆ ಬಂದಳು. ಮೀನನ್ನು ಊರು ಉಂಡಿತು, ಅದರ ಮೂಳೆಯನ್ನು ಪೀಠದ ಹಿಂದೆ ತೂಗುಹಾಕಿತು.

ಅತಿ ಹೆಚ್ಚು ಖುಷಿಪಟ್ಟವನು ಚೆಲುವಯ್ಯ. ಅವನಿಗೆ ಒಂದು ಕೆಂಪು ಶಾಲು ಸಿಕ್ಕಿತು. ಚಾಪೆ ಹೆಣೆಯುವುದನ್ನು ಬಿಟ್ಟ. ಮಾತಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುವುದನ್ನು ಕಲಿತ. ಜನ ಅವನನ್ನು "ಯಜಮಾನರೇ" ಎಂದು ಕರೆದರೆ, ಕೇಳಿಸಲಿಲ್ಲವೆನ್ನುವಂತೆ ನಿಂತು ಇನ್ನೊಂದು ಸಲ ಕರೆಸಿಕೊಳ್ಳುತ್ತಿದ್ದ.

"ಏನ್ ಭಾಗ್ಯ ಕಣೇ ನಿಂದು," ಎಂದ ಹೆಂಡತಿಗೆ, ಶಾಲಿನ ಅಂಚು ತೀಡುತ್ತ.

"ನಿಮ್ಮ ಶಾಲು ನಾನು ಹೊದ್ಕೋತೀನಿ. ನನ್ನ ಗಾಳ ನೀವು ಹಿಡೀರಿ. ಒಂದು ದಿವಸ ನೋಡೋಣ," ಎಂದಳು ಪುಟ್ಟೀರಿ.

"ಥೂ, ಆ ಎರೆಹುಳ ಯಾರು ಮುಟ್ತಾರೆ?"

ಪುಟ್ಟೀರಿ ಪೀಠದಲ್ಲಿ ಕೂತು ಹೊಳೆ ನೋಡಿದಳು. ಅಲ್ಲಿಂದ ಎಲ್ಲ ಕಾಣುತ್ತಿತ್ತು. ಬಂಡೆಯ ನೆರಳಲ್ಲಿ ಕೊರವ ಮೀನು ಮರಿ ಕಾಯುವುದು, ಸಂಜೆ ಪಕ್ಕೆ ಮೀನುಗಳು ಗುಂಪಾಗಿ ಬೆಳ್ಳಿ ಚೆಲ್ಲಿದ ಹಾಗೆ ಹೊರಳುವುದು. ನೋಡಬಹುದು, ಮುಟ್ಟುವಂತಿಲ್ಲ. ನಿದ್ದೆಯಲ್ಲೂ ಅವಳ ಬೆರಳು ದಾರ ಸುತ್ತುತ್ತಿತ್ತು. ಚೆಲುವಯ್ಯನ ಜುಟ್ಟು ಎರಡು ಸಲ ಸಿಕ್ಕಿಹಾಕಿಕೊಂಡ ಮೇಲೆ ಅವನು ಚಾಪೆಯನ್ನು ದೂರ ಹಾಸಿಕೊಂಡ.

ಒಂದು ದಿನ ಅಣ್ಣತಮ್ಮಂದಿರಿಬ್ಬರು ಗೋಡೆಯ ಜಗಳ ತಂದರು. ಇಬ್ಬರೂ ಗಂಟಲು ಹರಿಯುವಂತೆ ಕೂಗಾಡಿ ತೀರ್ಪಿಗೆ ಕಾದು ನಿಂತರು. ಪುಟ್ಟೀರಿಯ ಕಣ್ಣು ನೀರಿನ ಮೇಲಿತ್ತು. "ಅಯ್ಯೋ, ಬಂಡೆ ಹಿಂದೆ ಹೋಯ್ತಲ್ಲ!" ಎಂದಳು. ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡರು. ಗೋಡೆಯನ್ನು ಬಂಡೆಯ ಹಿಂದಕ್ಕೆ ಸರಿಸಬೇಕೆಂದು ಅರ್ಥ ಮಾಡಿಕೊಂಡು, ಕೈ ಮುಗಿದು ಹೋಗಿ ಸರಿಸಿಯೇಬಿಟ್ಟರು. ಇಂಥ ನ್ಯಾಯ ಹಿಂದೆಂದೂ ಕಂಡಿರಲಿಲ್ಲವೆಂದು ಊರು ಕೊಂಡಾಡಿತು.

ಗಿರಿಯಜ್ಜ ಮಾತ್ರ ದಿನಾ ಕಟ್ಟೆಯ ಕೆಳಗೆ ಸೊಂಟದ ಮಟ್ಟ ನೀರಿನಲ್ಲಿ ನಿಂತು ಗಾಳ ಹಾಕುತ್ತಿದ್ದರು. ಅವರ ಬೆರಳಿನ ಚರ್ಮ ನೆಂದು ಸುಕ್ಕಾಗಿರುತ್ತಿತ್ತು. ಆ ಸುಕ್ಕನ್ನು ನೋಡಿ ಪುಟ್ಟೀರಿಗೆ ಹೊಟ್ಟೆ ಉರಿಯಿತು.

"ಅಜ್ಜಾ, ನನ್ನದಕ್ಕಿಂತ ಉದ್ದದ್ದೊಂದು ಹಿಡೀರಿ. ನಿಮ್ಮ ಕಾಲಿಗೆ ಬೀಳ್ತೀನಿ," ಎಂದಳು ಮೇಲಿನಿಂದ.

"ನಿನ್ನೆ ತಾನೇ ಸಿಕ್ಕಿತ್ತು. ಬಿಟ್ಟುಬಿಟ್ಟೆ."

"ಬಿಟ್ಟುಬಿಟ್ರಾ?"

"ನೀನು ತಿರುವಿನಲ್ಲಿ ಒಬ್ಬಳೇ ಇದ್ದೆ, ನಿನಗೆ ಗೊತ್ತಿಲ್ಲ. ನಾನು ಇಷ್ಟು ವರ್ಷ ಮೇಲೆ ಕೂತು ನೋಡಿದ್ದೇನೆ ಕಣವ್ವ. ಹಿಡಿಯೋಕೆ ಬರೋರೆಲ್ಲ ದೊಡ್ಡದು ಸಿಕ್ಕಿದರೆ ಅತ್ತಿತ್ತ ನೋಡಿ ಬಿಟ್ಟುಬಿಡ್ತಾರೆ. ಪಟ್ಟ ಬೇಕು ಅನ್ನೋರಿಗೆ ಹಿಡಿಯೋಕೆ ಬರಲ್ಲ." ಗಿರಿಯಜ್ಜ ಒಂದು ಬೊಗಸೆ ನೀರು ತೆಗೆದು ತಲೆಯ ಮೇಲೆ ಹೊಯ್ದುಕೊಂಡರು. "ನೀನು ಒಳ್ಳೆಯವಳು. ಆದರೆ ನಾನು ಇನ್ನೊಂದು ಸಲ ಕಡಲೆಹಿಟ್ಟು ಹಚ್ಚಿಸಿಕೊಳ್ಳೋವಷ್ಟು ಒಳ್ಳೆಯವನಲ್ಲ."

ಪುಟ್ಟೀರಿ ಸೇವೆಯ ಮೂವರನ್ನು ಕರೆಸಿದಳು. "ಈ ಕಟ್ಟಳೆ ಬದಲಾಯಿಸೋಕೆ ಆಗಲ್ವಾ?"

"ಆಗದೆ ಏನು ತಾಯಿ," ಎಂದ ಹಗ್ಗದವನು. "ಪಟ್ಟದವರು ಮೊಣಕಾಲುದ್ದ ನೀರಿನಲ್ಲಿ ನಿಂತು ಬದಲಾಗಲಿ ಅಂದರೆ ಬದಲಾಗುತ್ತೆ."

"ಪಟ್ಟದವರು ನೀರಿಗೆ ಇಳಿಯೋ ಹಾಗಿಲ್ಲವಲ್ಲ?"

"ಅದೇ ಅದರ ಚೆಂದ," ಎಂದ ಶಂಖದವನು.

ಇಳಿದೇಬಿಟ್ಟರೆ ಏನಾಗುತ್ತದೆ ಎಂದು ಅವಳು ಬಹಳ ಯೋಚಿಸಿದಳು. ಮೀನುಗಳು ಹೊಳೆ ಬಿಟ್ಟು ಹೋಗುತ್ತವೆಂಬ ಮಾತು ಬರೀ ಬೂಸಿಯಿರಬಹುದು. ಆದರೆ ಒಂದು ವೇಳೆ ನಿಜವಾಗಿದ್ದರೆ? ಖಾಲಿ ಹೊಳೆಯ ಮೇಲೆ ಅಲುಗದ ಬೆಂಡು ಅವಳ ಕಣ್ಣಿಗೆ ಕಟ್ಟಿತು. ತಾನು ಒಣಗಬಹುದು, ಹೊಳೆ ಒಣಗಬಾರದು. ಎತ್ತಿದ ಕಾಲನ್ನು ಹಿಂದಕ್ಕಿಟ್ಟಳು.

ಅಷ್ಟರಲ್ಲಿ ಕೆಂಚಪ್ಪ ಬಂದ. ಅವನು ಬರುತ್ತಲೇ ಇದ್ದ. ಪಟ್ಟದ ಆಸೆಗೆ ಏನಾದರೊಂದು ಹಿಡಿದುಕೊಂಡು ಬಂದು ಬೈಸಿಕೊಂಡು ಹೋಗುವುದು ಅವನ ದಿನಚರಿ. ಅವತ್ತು ತಂದದ್ದು ಯಾರದೋ ಬುಟ್ಟಿಯಿಂದ ಜಾರಿಬಿದ್ದ ಒಂದು ಪಕ್ಕೆ ಮೀನು. ಗೇಣುದ್ದವಿತ್ತು. ಆಗಲೇ ಸ್ವಲ್ಪ ನಾರುತ್ತಿತ್ತು.

"ತಾಯೀ, ಹಿಡಿದಾಗ ಇದು ತೆಂಗಿನ ಮರದಷ್ಟಿತ್ತು," ಎಂದ ಕೆಂಚಪ್ಪ, ಕೈ ಅಗಲಿಸಿ. "ದಾರಿಯ ಬಿಸಿಲಿಗೆ ಸುರುಟಿಕೊಂಡುಬಿಡ್ತು."

ಜನ ನಕ್ಕರು. ಹಗ್ಗದವನೂ ನಗುತ್ತಲೇ ಹಗ್ಗ ಹಾಸಿದ. ಪುಟ್ಟೀರಿ ಆ ಮೀನು ನೋಡಿದಳು. ಹಿಂದೆ ತೂಗುತ್ತಿದ್ದ ಆಳುದ್ದದ ಮೂಳೆ ಗಾಳಿಗೆ ಟಕಟಕ ಅಂದಿತು. ಮುಂದೆ ಹೊಳೆ ಹರಿಯುತ್ತಿತ್ತು. 

"ಉದ್ದ," ಎಂದಳು.

"ಏನಂದ್ರಿ ತಾಯಿ?" ಎಂದ ಶಂಖದವನು.

"ನನ್ನದಕ್ಕಿಂತ ಉದ್ದ."

ನಗು ನಿಂತಿತು. ಕೆಂಚಪ್ಪನೇ ಹೆದರಿ ಎರಡು ಹೆಜ್ಜೆ ಹಿಂದೆ ಸರಿದ. ಹಗ್ಗದವನು ಮೂಳೆಯನ್ನೊಮ್ಮೆ, ಮೀನನ್ನೊಮ್ಮೆ ನೋಡಿದ. ಆಮೇಲೆ ಮೆಲ್ಲಗೆ ಹಗ್ಗ ಸುತ್ತಿಟ್ಟ. "ದಿಟ್ಟಿಸಿ ನೋಡಿದರೆ ಹಾಗೇ ಕಾಣುತ್ತೆ," ಎಂದ.

"ಬಾಲದ ಕಡೆ ನೋಡಿ, ಎಷ್ಟು ಉದ್ದ!" ಎಂದಿತು ಗುಂಪಿನಲ್ಲೊಂದು ದನಿ.

"ಮೀನೇನೋ ಚಿಕ್ಕದು, ಉದ್ದ ಮಾತ್ರ ಜಾಸ್ತಿ," ಎಂದಿತು ಇನ್ನೊಂದು.

ಶಂಖ ಮೊಳಗಿತು. ಛತ್ರಿ ಎದ್ದಿತು. ಕೆಂಚಪ್ಪ ಪೀಠದ ಮೇಲೆ ಕೂತ. ಪುಟ್ಟೀರಿಯ ಗಂಟಲಿನಲ್ಲಿ ಮೀನಿನ ಪೊರೆ ಅಂಟಿಕೊಂಡ ಹಾಗಾಗಿತ್ತು, ಕ್ಯಾಕರಿಸಿದರೂ ಹೋಗಲಿಲ್ಲ. ಆದರೆ ಮೆಟ್ಟಿಲಿಳಿದು, ಹಿಮ್ಮಡಿಗೆ ನೀರು ತಾಕಿ, ಬೆರಳಿನ ಸಂದಿಯಲ್ಲಿ ತಣ್ಣಗೆ ನುಗ್ಗಿದಾಗ ಪೊರೆಯೂ ಮರೆತುಹೋಯಿತು, ಪಟ್ಟವೂ ಮರೆತುಹೋಯಿತು. ಸೀರೆ ಸಮೇತ ಕೂತುಬಿಟ್ಟಳು.

ಚೆಲುವಯ್ಯ ಶಾಲು ಒಪ್ಪಿಸಿ ಬಂದು ಜಂಬು ಹುಲ್ಲಿನ ಕಟ್ಟನ್ನು ದೊಪ್ಪೆಂದು ನೆಲಕ್ಕೆ ಹಾಕಿದ. "ಗೇಣುದ್ದದ ಮೀನಿಗೆ ನನ್ನ ಮರ್ಯಾದೆ ಮಾರಿಬಿಟ್ಟೆಯಲ್ಲೇ," ಎಂದ. ಆಮೇಲೆ ಅವಳ ಜೊತೆ ಮಾತು ಬಿಟ್ಟ.

ಕೆಂಚಪ್ಪ ಪೆದ್ದನಾಗಿರಲಿಲ್ಲ. ಪೀಠದಲ್ಲಿ ಕೂತು ನೋಡಿದರೆ ಹೊಳೆಯಲ್ಲಿದ್ದ ಬಹುಪಾಲು ಮೀನು ಅವನ ಮೀನಿಗಿಂತ ಉದ್ದ. ಯಾವ ಹೊತ್ತಿನಲ್ಲಿ ಯಾವ ಹೆಂಗಸು ಸಾರಿಗೆಂದು ಹಿಡಿದ ಮೀನು ತನ್ನ ಪಟ್ಟ ತೆಗೆಯುತ್ತದೋ ಎಂದು ಹೆದರಿದ. ಊರಿಗೆಲ್ಲ ಡಂಗುರ ಸಾರಿಸಿದ: "ಗೇಣಿಗಿಂತ ದೊಡ್ಡ ಮೀನು ಇನ್ನು ಮುಂದೆ ದಂಡೆಗೆ ಬರಕೂಡದು. ಸಿಕ್ಕಿದರೆ ಅಲ್ಲೇ ಬಿಡಬೇಕು." ಶಂಖದವನೂ ಛತ್ರಿಯವನೂ ಮೆಟ್ಟಿಲ ಬಳಿ ನಿಂತು ಬುಟ್ಟಿ ತಡಕುತ್ತಿದ್ದರು. ಛತ್ರಿಯ ತುದಿಯಿಂದ ಚುಚ್ಚಿ ನೋಡಿ, ಗೇಣು ದಾಟಿದ್ದನ್ನು ನೀರಿಗೆ ಒದೆಯುತ್ತಿದ್ದರು.

ಪುಟ್ಟೀರಿಗೆ ಮೊದಮೊದಲು ಇದರಿಂದ ಏನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಅವಳು ಇಷ್ಟು ಸುಖವಾಗಿ ಎಂದೂ ಇರಲಿಲ್ಲ. ಹಿಡಿದಳು, ಬಿಟ್ಟಳು. ಬಿಟ್ಟಳು, ಹಿಡಿದಳು. ಯಾರೂ ತಿನ್ನದ್ದರಿಂದ ದೊಡ್ಡ ಮೀನುಗಳು ಮೆಟ್ಟಿಲ ತನಕ ಬಂದು ಊರನ್ನು ನೋಡಿಕೊಂಡು ಹೋಗುತ್ತಿದ್ದವು.

ಊರು ಮಾತ್ರ ಸೊರಗಿತು. ಗೇಣಿನೊಳಗಿನ ಮೀನಿನಲ್ಲಿ ಇರುವುದು ಮುಳ್ಳು. ಜನ ಉಂಡದ್ದಕ್ಕಿಂತ ಉಗಿದದ್ದೇ ಹೆಚ್ಚು. ರಾಗಿ ಕಣಜದ ತಳ ಕಂಡ ಕಾಲ ಅದು. ಹಿಂದೆಲ್ಲ ಆ ತಿಂಗಳುಗಳಲ್ಲಿ ಊರನ್ನು ಸಾಕುತ್ತಿದ್ದದ್ದು ಹೊಳೆ. ಈಗ ಹೊಳೆ ತುಂಬಿದೆ, ಮಡಕೆ ಖಾಲಿಯಿದೆ. ಮಾತಾಡಿದರೆ ಪಟ್ಟದವರ ಮಾತಿಗೆ ಎದುರಾಡಿದ ಹಾಗಾಗುತ್ತದೆಂದು ಎಲ್ಲರೂ ಮುಳ್ಳು ಉಗಿಯುತ್ತ ಸುಮ್ಮನಿದ್ದರು.

ಒಂದು ಮಧ್ಯಾಹ್ನ ಸಾಕವ್ವ ತಿರುವಿಗೆ ಬಂದಳು. ಪುಟ್ಟೀರಿ ತೋಳುದ್ದದ ಕೊರವ ಮೀನೊಂದನ್ನು ಹಿಡಿದು, ಮುದ್ದಿನಿಂದ ಬೆನ್ನು ಸವರಿ, ನೀರಿಗೆ ಬಿಡುತ್ತಿದ್ದಳು. ಸಾಕವ್ವ ನಿಂತು ನೋಡಿದಳು.

"ಚೆನ್ನಾಗಿ ಆಟ ಆಡ್ತಿದ್ದೀಯ," ಎಂದಳು.

"ಬಾ ಸಾಕವ್ವ, ಕೂತ್ಕೋ."

"ಕೂರೋಕೆ ಬರಲಿಲ್ಲ. ನನ್ನ ಮಗಳು ಹೆತ್ತು ಎಂಟು ದಿನ ಆಯ್ತು. ಬಾಣಂತಿಗೆ ಮೀನಿನ ಸಾರಿಲ್ಲ, ಹಾಲು ಇಳೀತಿಲ್ಲ. ಕೂಸು ಅತ್ತೂ ಅತ್ತೂ ಈಗ ಅಳೋದನ್ನೂ ಬಿಟ್ಟಿದೆ. ಗೇಣು ಮೀನು ಬೇಯಿಸಿ ಕೊಟ್ರೆ ಬಿಸಿನೀರು ಆಗುತ್ತೆ, ಸಾರಾಗಲ್ಲ." ಸಾಕವ್ವನ ದನಿ ಏರಲಿಲ್ಲ. "ಇಡೀ ಊರಲ್ಲಿ ಉದ್ದದ ವಿಷಯಕ್ಕೆ ನಿಜ ಹೇಳೋಳು ನೀನೊಬ್ಬಳು ಅಂತಿದ್ವಿ. ನೀನೇ ಹಿಂಗೆ ಮಾಡಿದ ಮೇಲೆ ಇನ್ಯಾರನ್ನ ಕೇಳೋದು?"

ಅಷ್ಟು ಹೇಳಿ ಅವಳು ಹೋದಳು. ಪುಟ್ಟೀರಿ ಮತ್ತೆ ಗಾಳ ಹಾಕಿದಳು. ಬೆಂಡು ನಡುಗಿತು, ಮುಳುಗಿತು, ಮತ್ತೆ ಎದ್ದಿತು. ಅವಳು ದಾರ ಎಳೆಯಲಿಲ್ಲ. ಹುಳು ತಿಂದುಕೊಂಡು ಮೀನು ಹೋಯಿತು.

ಅವತ್ತು ಸಂಜೆ ಮನೆಗೆ ಬಂದು ಒಲೆಯ ಮುಂದೆ ಕೂತು, ಮಾತು ಬಿಟ್ಟಿದ್ದ ಗಂಡನಿಗೆ ಹೇಳಿದಳು: "ನಾಳೆ ದೊಡ್ಡದೊಂದು ಹಿಡಿದು ಮೆಟ್ಟಿಲ ಮೇಲೆ ಎಳೀತೀನಿ. ಮತ್ತೆ ಪಟ್ಟಕ್ಕೆ ಕೂತು, ಆ ಅಪ್ಪಣೆ ತೆಗೆದುಹಾಕ್ತೀನಿ. ಇನ್ನು ಸಾಯೋ ತನಕ ಇಳಿಯಲ್ಲ. ನಿಮ್ಮ ಶಾಲು ನಿಮಗೆ ಬರುತ್ತೆ."

ಚೆಲುವಯ್ಯ ಚಾಪೆ ಹೆಣೆಯುವ ಕೈ ನಿಲ್ಲಿಸಿದ. "ಆಮೇಲೆ ನೀನು?" ಎಂದ. ಎಷ್ಟೋ ದಿನಕ್ಕೆ ಅವನ ಮೊದಲ ಮಾತು.

"ನಾನು ಒಣಗ್ತೀನಿ."

ಅವನು ಮತ್ತೆ ಚಾಪೆ ಹೆಣೆಯತೊಡಗಿದ. ಬೆಳಿಗ್ಗೆ ಅವಳು ಎದ್ದಾಗ ಎರೆಹುಳ ತುಂಬಿದ ಕರಟವೊಂದು ಹೊಸ್ತಿಲ ಬಳಿ ಇತ್ತು. ಚೆಲುವಯ್ಯ ಹಿತ್ತಿಲಿನಲ್ಲಿ ಮುಖ ಕಿವುಚಿಕೊಂಡು ಕೈಗೆ ಬೂದಿ ಉಜ್ಜುತ್ತಿದ್ದ.

ಮೀನಿಗೆ ಅವಳು ಬಹಳ ಕಾಯಬೇಕಾಗಲಿಲ್ಲ. ಇದೂ ಬಾಳೆಮೀನೇ, ಮೊದಲಿನದಕ್ಕಿಂತ ಒಂದು ಮೊಳ ಹೆಚ್ಚು. ಕೊನೆಯ ಮೀನೆಂದು ತಿಳಿದಿದ್ದರಿಂದ ಅವಳು ಅವಸರ ಮಾಡಲಿಲ್ಲ. ದಾರ ಬಿಟ್ಟಳು, ಎಳೆದಳು. ಅದರ ಒಂದೊಂದು ಕೊಸರಾಟವೂ ಮುಂಗೈಯಿಂದ ಭುಜಕ್ಕೆ, ಭುಜದಿಂದ ಎದೆಗೆ ಬಂದಾಗ ಕಣ್ಣು ಮುಚ್ಚಿ ಅನುಭವಿಸಿದಳು. ಆಮೇಲೆ ಹರಿಗೋಲನ್ನು ಊರ ಕಡೆ ತಿರುಗಿಸಿದಳು.

ಮೀನನ್ನು ಮೆಟ್ಟಿಲ ಮೇಲೆ ಎಳೆದಾಗ ಶಂಖದವನು, ಛತ್ರಿಯವನು ತಡೆಯಲು ಬಂದರು. ಗಿರಿಯಜ್ಜ ನೀರಿನಿಂದ ಎದ್ದು ಬಂದು ಅಡ್ಡ ನಿಂತರು. "ತಡೀರಪ್ಪ. ಪಟ್ಟಕ್ಕೆ ಅಂತ ತಂದದ್ದನ್ನ ಅಳೀಲೇಬೇಕು. ಕಟ್ಟಳೆ." ಊರೆಲ್ಲ ಸೇರಿತು. ಸಾಕವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು ನಿಂತಳು.

ಹಗ್ಗದವನು ಹಗ್ಗ ಹಾಸಿದ. ಹಗ್ಗ ಮುಗಿಯಿತು, ಮೀನು ಮುಗಿಯಲಿಲ್ಲ.

ಎಲ್ಲರೂ ಕೆಂಚಪ್ಪನ ಕಡೆ ನೋಡಿದರು. ಕೆಂಚಪ್ಪ ಪೀಠದ ಕೈ ಹಿಡಿದುಕೊಂಡು ಮೀನನ್ನು ಒಂದು ಕಣ್ಣಿನಿಂದ ನೋಡಿದ, ಇನ್ನೊಂದು ಕಣ್ಣಿನಿಂದ ನೋಡಿದ. ಹಣೆಯಲ್ಲಿ ಬೆವರೊಡೆದು ಕಡಲೆಹಿಟ್ಟು ಹಳದಿಯಾಗಿ ಇಳಿಯಿತು.

"ಗಿಡ್ಡ," ಎಂದ.



"ನನ್ನ ಮೀನಿಗಿಂತ ಗಿಡ್ಡ. ಗೇಣಿಗಿಂತ ಚಿಕ್ಕದು," ಎಂದು ಜೋರಾಗಿ ಹೇಳಿ, ಪುಟ್ಟೀರಿಯ ಕಡೆ ತಿರುಗಿದ. "ಹಂಗೆ ನೋಡಬೇಡ. ಗೇಣು ಆಳಿಗಿಂತ ಉದ್ದ ಅಂತ ಇದೇ ಪೀಠದಲ್ಲಿ ಕೂತು ಹೇಳಿದ್ದು ಯಾರು? ಅವತ್ತು ನೀನು ಹೇಳಿದ್ದೇ ಅಳತೆ. ಇವತ್ತು ನಾನು ಹೇಳಿದ್ದೇ ಅಳತೆ."

"ದಿಟ್ಟಿಸಿ ನೋಡಿದರೆ ಹಾಗೇ ಕಾಣುತ್ತೆ," ಎಂದ ಹಗ್ಗದವನು, ನೆಲ ನೋಡಿಕೊಂಡು.

ಪುಟ್ಟೀರಿ ಮೀನಿನ ಪಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಳು.  ಸುಳ್ಳಿನ ಬೀಜ ಅವಳದೇ. ಸಾಕವ್ವನ ಹೆಗಲ ಮೇಲೆ ಕೂಸು ಬಾಯಿ ತೆರೆಯಿತು. ಅಳು ಬರಲಿಲ್ಲ. ಬಾಯಿ ಮಾತ್ರ ತೆರೆದೇ ಇತ್ತು. ಆ ಬಾಯನ್ನು ನೋಡುತ್ತ ಕೂತವಳಿಗೆ, ಕೆಂಚಪ್ಪ ಆಡಿದ ಮಾತು ಮತ್ತೊಮ್ಮೆ ಕಿವಿಯಲ್ಲಿ ಮೊಳಗಿತು. ನಿಧಾನವಾಗಿ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಕೈ ಮುಗಿದಳು.

"ಒಡೆಯಾ, ನಂಗೆ ವಯಸ್ಸಾಯ್ತು, ಕಿವಿ ಮಂದ. ಇನ್ನೊಂದು ಸಲ ಅಪ್ಪಣೆಯಾಗಲಿ. ಇದು ಗೇಣಿಗಿಂತ ಚಿಕ್ಕ ಮೀನೇ?"

"ಚಿಕ್ಕದೇ!"

"ಖಂಡಿತವಾಗಿ?"

"ಶಂಖ ಊದೋ!" ಎಂದ ಕೆಂಚಪ್ಪ. ಶಂಖ ಮೊಳಗಿತು. ಛತ್ರಿ ಎದ್ದಿತು.

ಪುಟ್ಟೀರಿ ಜನರ ಕಡೆ ತಿರುಗಿದಳು. "ಸಾಕವ್ವಾ, ಈಳಿಗೆಮಣೆ ತಗೊಂಡು ಬಾ. ಗೇಣಿಗಿಂತ ಚಿಕ್ಕ ಮೀನು, ದಂಡೆಗೆ ತರಬಹುದು, ತಿನ್ನಬಹುದು. ಪಟ್ಟದವರೇ ಹೇಳಿದ್ದಾರೆ."

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಗಿರಿಯಜ್ಜನ ಹೊಟ್ಟೆಯಲ್ಲಿ ನಗು ಹುಟ್ಟಿತು. ಅದು ಮೆಟ್ಟಿಲಿಂದ ಮೆಟ್ಟಿಲಿಗೆ ಹತ್ತಿಕೊಂಡಿತು. ಕೆಂಚಪ್ಪ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ, ಥೇಟ್ ಮೀನಿನ ಹಾಗೆ. ಉದ್ದವೆಂದರೆ ಪಟ್ಟ ಹೋಗುತ್ತದೆ. ಗಿಡ್ಡವೆಂದರೆ ಮೀನು ಮಡಕೆಗೆ ಹೋಗುತ್ತದೆ. ಅವನು ಬಾಯಿ ಮುಚ್ಚಿಕೊಳ್ಳುವುದನ್ನು ಆರಿಸಿಕೊಂಡ.

ಮೊದಲ ತುಂಡು ಬಾಣಂತಿಗೆ ಹೋಯಿತು. ಬಾಣಂತಿ ದಿನಾ ಸಾರುಂಡಳು. ಕೆಲವು ದಿನಗಳಲ್ಲಿ ಕೂಸು ಕಟ್ಟೆಯ ತನಕ ಕೇಳುವ ಹಾಗೆ ಅರಚತೊಡಗಿತು. ಅಷ್ಟು ಇಂಪಾದ ಗದ್ದಲ ಊರು ಕೇಳಿ ಬಹಳ ಕಾಲವಾಗಿತ್ತು.

ಅಲ್ಲಿಂದ ಮುಂದೆ ಎಲ್ಲರೂ ದೊಡ್ಡ ದೊಡ್ಡ ಮೀನುಗಳನ್ನು ನಿರ್ಭಯವಾಗಿ ತಂದರು. ಹಗ್ಗ ಹಾಸಿದರು, ಕೆಂಚಪ್ಪ ಗಿಡ್ಡ ಎಂದ, ಶಂಖ ಊದಿದರು, ಛತ್ರಿ ಎತ್ತಿದರು, ಮೀನು ಮಡಕೆಗೆ ಹೋಯಿತು. ಪಟ್ಟ ಬೇಕಾದವನಿಗೆ ಪಟ್ಟ ಉಳಿಯಿತು, ಬೇಡದವರಿಗೆ ಅದರ ಭಯ ಹೋಯಿತು. ಇಡೀ ಊರು ಇಷ್ಟು ನೆಮ್ಮದಿಯಾಗಿ ಎಂದೂ ಸುಳ್ಳು ಹೇಳಿರಲಿಲ್ಲ. ಕೊನೆಕೊನೆಗೆ ಗೇಣು ಅಂದರೆ ಎಷ್ಟು ಎಂದು ಎಳೆಯ ಮಕ್ಕಳನ್ನು ಕೇಳಿದರೆ ಅವು ಮನೆಯ ಬಾಗಿಲನ್ನು ತೋರಿಸುತ್ತಿದ್ದವು. ಅದನ್ನು ಕಂಡಾಗಲೆಲ್ಲ ಪುಟ್ಟೀರಿ ಮುಖ ಬೇರೆ ಕಡೆ ತಿರುಗಿಸುತ್ತಿದ್ದಳು.

ಮಳೆಗಾಲ ಕಳೆದ ಮೇಲೆ, ಹೊಳೆ ತಿಳಿಯಾದಾಗ, ಅವಳಿಗೆ ಒಂದು ಮೀನು ಸಿಕ್ಕಿತು. ಹಿಂದಿನ ಎರಡೂ ಅದರ ಮುಂದೆ ಮರಿಗಳು. ಅದನ್ನು ಎಳೆದು ದಂಡೆಗೆ ಹಾಕುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು, ಅಂಗೈ ಕಿತ್ತುಹೋಗಿತ್ತು. ಇಂಥದ್ದು ಹಿಡಿದೆ ಎಂದು ಯಾರಿಗಾದರೂ ಹೇಳಬೇಕೆಂದು ಜೀವ ಬಡಿದುಕೊಂಡಿತು. ಗಿರಿಯಜ್ಜ ನೋಡಿದರು. "ಗೇಣಿಗಿಂತ ಸ್ವಲ್ಪ ಚಿಕ್ಕದು," ಎಂದು ಕಣ್ಣು ಮಿಟುಕಿಸಿದರು. ಸಾಕವ್ವ ನೋಡಿದಳು. "ಚಿಕ್ಕದಾದರೂ ಚೊಕ್ಕವಾಗಿದೆ," ಎಂದಳು. ಪುಟ್ಟೀರಿ ನಕ್ಕಳು. ನಗು ಅರ್ಧ ದಾರಿಯಲ್ಲಿ ನಿಂತುಹೋಯಿತು.

ಗಂಡ ಹೆಂಡತಿ ಸೇರಿ ಅದನ್ನು ಮನೆಗೆ ಎಳೆದು ತಂದರು. ತಲೆ ಒಲೆಯ ಹತ್ತಿರ ಬಂದರೂ ಬಾಲ ಹೊಸ್ತಿಲಾಚೆಯೇ ಇತ್ತು.

"ಇವ್ರೇ," ಎಂದಳು ಪುಟ್ಟೀರಿ. "ಇಲ್ಲಿ ನಾವಿಬ್ಬರೇ ಇರೋದು. ಈಗಲಾದ್ರೂ ಹೇಳಿ. ಎಷ್ಟುದ್ದ ಇದೆ?"

ಚೆಲುವಯ್ಯ ಬಾಲವನ್ನು ಮಡಿಸಿ ಒಳಗೆ ತಳ್ಳಿ ಬಾಗಿಲು ಹಾಕಿದ. ಕಿಟಕಿಯನ್ನೂ ಹಾಕಿದ. ಗಂಟಲು ಸರಿಮಾಡಿಕೊಂಡ. ಬಾಯಿ ತೆರೆದ. ಮಾತು ಹೊರಡಲಿಲ್ಲ. ಇಷ್ಟು ದಿನದ ಅಭ್ಯಾಸ ನಾಲಿಗೆಯನ್ನು ಹಿಡಿದುಕೊಂಡಿತ್ತು. ಹೆಂಡತಿಯ ಮುಖ ನೋಡಿದ. ಅವಳು ಕಿತ್ತ ಅಂಗೈಯನ್ನು ಮಡಿಲಿನಲ್ಲಿಟ್ಟುಕೊಂಡು ಕಾಯುತ್ತಿದ್ದಳು.

ಅವನು ಎರಡೂ ಕೈ ಎತ್ತಿದ. ಅಗಲಿಸಿದ. ಇನ್ನಷ್ಟು ಅಗಲಿಸಿದ. ರಟ್ಟೆ ಎಳೆದು ನೋವಾಗುವ ತನಕ ಅಗಲಿಸಿದ. ಆದರೂ ಮೀನು ಮುಗಿದಿರಲಿಲ್ಲ. ಆಗ ಚೆಲುವಯ್ಯ, ಕೈ ಹಾಗೇ ಇಟ್ಟುಕೊಂಡು, ಪಕ್ಕಕ್ಕೆ ಒಂದು ಹೆಜ್ಜೆ ಸರಿದ. ಇನ್ನೊಂದು ಹೆಜ್ಜೆ ಸರಿದ. ಗೋಡೆಗೆ ತಗುಲಿ ನಿಂತ.

"ಅಷ್ಟು," ಎಂದ.

ಪುಟ್ಟೀರಿ ಮಡಿಲಿನಿಂದ ಕೈ ತೆಗೆದು ಎದ್ದಳು.

"ಸಾಕು, ಕೈ ಇಳಿಸಿ," ಎಂದಳು. "ಒಲೆ ಹಚ್ಚೋಣ."